ಲೋಹದ ಮೈ, ಪ್ಲಾಸ್ಟಿಕ್ಕಿನ ಮೈ: ಸ್ಮಾರ್ಟ್‌ಫೋನಿನ ಹೊರಕವಚದ ಗುಣದೋಷ ವಿಚಾರ

ಸ್ಮಾರ್ಟ್‌ಫೋನು ಕೊಳ್ಳಲು ಅಂಗಡಿಗೆ ಹೋದವರಲ್ಲಿ ಒಂದು ವಿಚಿತ್ರವಾದ ನಡವಳಿಕೆ ಕಂಡುಬರುತ್ತದೆ. ಪ್ಲಾಸ್ಟಿಕ್ಕಿನ ಮೈಯುಳ್ಳದ್ದು ಅಗ್ಗದ ಮಾಲೆಂದು ಬದಿಗೆ ಸರಿಸಿ, ಲೋಹದ ಮೈಯುಳ್ಳದ್ದೇ ಘನವಾದುದೆಂದು ಹೆಚ್ಚು ಹಣ ತೆತ್ತು ಅದನ್ನು ಆರಿಸಿಕೊಳ್ಳುತ್ತಾರೆ. ಅಂಗಡಿಯ ಮೆಟ್ಟಿಲಿಳಿಯುವ ಮುನ್ನವೇ ಆ ಲೋಹದ ಮೈಗೆ ಪ್ಲಾಸ್ಟಿಕ್ಕಿನದೋ ರಬ್ಬರಿನದೋ ಕವರೊಂದನ್ನು ತೊಡಿಸುತ್ತಾರೆ. ಬೆಲೆ ಕೊಟ್ಟು ಕೊಂಡ ಲೋಹವು ಆಮೇಲೆ ಕಣ್ಣಿಗೂ ಕಾಣದು, ಕೈಗೂ ತಾಗದು. ಮಕ್ಕಳ ಓದಿಗಾಗಿ ಕಂತಿನ ಮೇಲೆ ಫೋನು ಕೊಳ್ಳುವ ತಂದೆತಾಯಿಗಳ ಪಾಲಿಗೆ ಇದು ಬರಿಯ ನಗೆಯ ಮಾತಲ್ಲ. ಆದುದರಿಂದ ಈ ಎರಡು ದ್ರವ್ಯಗಳ ಗುಣದೋಷಗಳನ್ನು ಪಕ್ಷಪಾತವಿಲ್ಲದೆ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಶಬ್ದಾರ್ಥ ಮತ್ತು ದ್ರವ್ಯಪರಿಚಯ

ಸಂಸ್ಕೃತದಲ್ಲಿ ‘ಲೋಹ’ ಶಬ್ದಕ್ಕೆ ಮೂಲತಃ ಕೆಂಪು ಎಂದರ್ಥ. ಕೆಂಪಾದ ತಾಮ್ರಕ್ಕೆ ಸಲ್ಲುತ್ತಿದ್ದ ಈ ಮಾತು ಕಾಲಕ್ರಮದಲ್ಲಿ ಕಬ್ಬಿಣಕ್ಕೂ, ಕಡೆಗೆ ಆ ಜಾತಿಯ ಎಲ್ಲ ವಸ್ತುಗಳಿಗೂ ಸಂದಿತು. ‘ಪ್ಲಾಸ್ಟಿಕ್’ ಎಂಬುದು ಗ್ರೀಕ್ ಮೂಲದ ಮಾತು. ಬೇಕಾದ ಆಕಾರಕ್ಕೆ ತಿದ್ದಲು ಒದಗುವಂಥದು ಎಂಬುದು ಅದರ ಅರ್ಥ. ಒಂದರ ಹೆಸರು ಬಣ್ಣದಿಂದ ಬಂದಿತು, ಇನ್ನೊಂದರದು ಒದಗುವ ಗುಣದಿಂದ ಬಂದಿತು. ಮೇಲುಕೀಳೆಂಬ ಅರ್ಥವು ಎರಡರಲ್ಲಿಯೂ ಇಲ್ಲವೆಂಬುದು ಗಮನಾರ್ಹ.

ಫೋನಿನ ಮೈಗೆ ಹೆಚ್ಚಾಗಿ ಬಳಕೆಯಾಗುವ ಲೋಹವೆಂದರೆ ಅಲ್ಯೂಮಿನಿಯಂ ಮಿಶ್ರಲೋಹ. ವಿದ್ಯುತ್ತಿನಿಂದ ಅಲ್ಯೂಮಿನಿಯಮ್ಮನ್ನು ಬೇರ್ಪಡಿಸುವ ವಿಧಾನವನ್ನು 1886ರಲ್ಲಿ ಅಮೆರಿಕದ ಹಾಲ್ ಮತ್ತು ಫ್ರಾನ್ಸಿನ ಎರೂ ಎಂಬಿಬ್ಬರು ಪರಸ್ಪರ ಅರಿಯದೆಯೇ ಕಂಡುಹಿಡಿದರು. ಪ್ಲಾಸ್ಟಿಕ್ಕುಗಳಲ್ಲಿ ಮುಖ್ಯವಾದುದು ಪಾಲಿಕಾರ್ಬೊನೇಟ್. ಇದೂ ಅದೇ ರೀತಿಯಲ್ಲಿ 1953ರಲ್ಲಿ ಜರ್ಮನಿ ಮತ್ತು ಅಮೆರಿಕಗಳಲ್ಲಿ ಬೇರೆಬೇರೆಯಾಗಿ ಸಿದ್ಧವಾಯಿತು. ವಾಹನಗಳ ಮುಂದೀಪದ ಪಾರದರ್ಶಕ ಹೊದಿಕೆಯೂ ಇದರದೇ. ಕಲ್ಲಿನ ಏಟನ್ನು ತಾಳಿಕೊಳ್ಳುವ ಈ ವಸ್ತುವನ್ನು ಕ್ಷುದ್ರವೆಂದು ಕಡೆಗಣಿಸುವುದು ಸಲ್ಲದು.

ತೂಕ, ಬಿಗಿ, ಬಿಸಿ

ಅಳತೆಗಳನ್ನು ಎದುರಿಗಿಟ್ಟುಕೊಂಡು ನೋಡಿದರೆ ವಿಷಯವು ಸ್ಪಷ್ಟವಾಗುತ್ತದೆ. ಒಂದು ಘನ ಸೆಂಟಿಮೀಟರು ಪಾಲಿಕಾರ್ಬೊನೇಟಿನ ತೂಕ ಸುಮಾರು 1.2 ಗ್ರಾಂ, ಅಲ್ಯೂಮಿನಿಯಮ್ಮಿನದು 2.7 ಗ್ರಾಂ, ಟೈಟಾನಿಯಮ್ಮಿನದು 4.5 ಗ್ರಾಂ, ಸ್ಟೇನ್‌ಲೆಸ್ ಸ್ಟೀಲಿನದು 8 ಗ್ರಾಮಿನಷ್ಟು. ತೂಕದಲ್ಲಿ ಪ್ಲಾಸ್ಟಿಕ್ಕಿಗೇ ಜಯ. ಬಾಗದೆ ನಿಲ್ಲುವ ಬಿಗಿಯಲ್ಲಿ ಅಲ್ಯೂಮಿನಿಯಂ ಅದಕ್ಕಿಂತ ಸುಮಾರು 30 ಪಾಲು ಮೇಲು. ಆದುದರಿಂದಲೇ ಲೋಹದ ಫೋನನ್ನು ತೆಳ್ಳಗೆ ಮಾಡಲು ಸಾಧ್ಯ. ಆದರೆ ಕೆಳಗೆ ಬಿದ್ದಾಗ ಲೋಹವು ನೆಗ್ಗಿ, ಆ ನೆಗ್ಗನ್ನು ಹಾಗೆಯೇ ಉಳಿಸಿಕೊಳ್ಳುತ್ತದೆ; ಪ್ಲಾಸ್ಟಿಕ್ಕು ಕೊಂಚ ಬಾಗಿ, ಏಟನ್ನು ನುಂಗಿ, ಮೊದಲಿನಂತಾಗುತ್ತದೆ.

ಬಿಸಿಯನ್ನು ಸಾಗಿಸುವುದರಲ್ಲಿ ಲೋಹಕ್ಕೆ ಎಣೆಯಿಲ್ಲ. ಅಲ್ಯೂಮಿನಿಯಂ ಪಾಲಿಕಾರ್ಬೊನೇಟಿಗಿಂತ ನೂರಾರು ಪಾಲು ವೇಗವಾಗಿ ಶಾಖವನ್ನು ಹರಡುತ್ತದೆ. ಲೋಹದ ಫೋನನ್ನು ಕೈಗೆತ್ತಿಕೊಂಡಾಗ ತಣ್ಣಗೆನಿಸುವುದಕ್ಕೆ ಅದು ಕೈಯ ಶಾಖವನ್ನು ಬೇಗ ಸೆಳೆಯುವುದೇ ಕಾರಣ. ಅದನ್ನು ಶ್ರೇಷ್ಠತೆಯ ಕುರುಹೆಂದು ಬಗೆಯುವುದು ಭ್ರಮೆ. ಒಳಗಿನ ಯಂತ್ರದ ಕಾವನ್ನು ಹೊರಹಾಕುವಲ್ಲಿ ಮಾತ್ರ ಈ ಗುಣವು ನಿಜವಾಗಿ ಉಪಕಾರಿ.

ಬೆಲೆಯ ಅಂತರಕ್ಕೂ ಕಾರಣವುಂಟು. ಕರಗಿಸಿದ ಪ್ಲಾಸ್ಟಿಕ್ಕನ್ನು ಉಕ್ಕಿನ ಅಚ್ಚಿಗೆ ಒತ್ತಿ ತುಂಬಿದರೆ ಸೆಕೆಂಡುಗಳ ಲೆಕ್ಕದಲ್ಲಿ ಮೈ ಸಿದ್ಧವಾಗುತ್ತದೆ. ಅಲ್ಯೂಮಿನಿಯಮ್ಮನ್ನಾದರೋ ಹಲವು ಸಲ ಗಟ್ಟಿಯಿಂದ ಯಂತ್ರದಲ್ಲಿ ಕೊರೆದು ತೆಗೆಯಬೇಕು. ಬಹುಭಾಗ ತುರಿಯಾಗಿ ಉದುರುತ್ತದೆ. ಆಮೇಲೆ ವಿದ್ಯುತ್ ಸಂಸ್ಕಾರದಿಂದ ಮೇಲ್ಮೈಯನ್ನು ಗಡುಸುಗೊಳಿಸಿ ಬಣ್ಣ ಹಿಡಿಸಬೇಕು.

ಅಲೆಗಳಿಗೆ ಅಡ್ಡಗೋಡೆ

ಫೋನೆಂಬುದು ಮೊದಲಿಗೆ ಮಾತನ್ನು ಮುಟ್ಟಿಸುವ ಸಾಧನ. ರೇಡಿಯೋ ಅಲೆಗಳೇ ಅದರ ಉಸಿರು. ಸುತ್ತಲೂ ಲೋಹವಿದ್ದ ಕಡೆ ವಿದ್ಯುತ್ಪ್ರಭಾವವು ಒಳಹೋಗಲಾರದೆಂದು ಮೈಕೇಲ್ ಫ್ಯಾರಡೆ 1836ರಲ್ಲಿಯೇ ತೋರಿಸಿಕೊಟ್ಟನು. ಲಿಫ್ಟಿನೊಳಗೆ ಹೋದೊಡನೆ ಮಾತು ಕಡಿದುಹೋಗುವ ಅನುಭವವು ಸರ್ವವಿದಿತ. ಪ್ಲಾಸ್ಟಿಕ್ಕು ಈ ಅಲೆಗಳಿಗೆ ಬಾಗಿಲು ತೆರೆದಿರುತ್ತದೆ. ಆದುದರಿಂದಲೇ 2007ರ ಮೊದಲ ಐಫೋನಿನ ಬೆನ್ನು ಅಲ್ಯೂಮಿನಿಯಮ್ಮಿನದಾದರೂ ಅದರ ಕೆಳಭಾಗವು ಕಪ್ಪು ಪ್ಲಾಸ್ಟಿಕ್ಕಿನದಾಗಿತ್ತು. ಮರುವರ್ಷದ ಮಾದರಿಯ ಬೆನ್ನು ಪೂರ್ತಿ ಪ್ಲಾಸ್ಟಿಕ್ಕಿನದಾಯಿತು.

2010ರ ಐಫೋನ್ 4ರಲ್ಲಿ ಸುತ್ತಣ ಸ್ಟೀಲಿನ ಪಟ್ಟಿಯನ್ನೇ ಆಂಟೆನವನ್ನಾಗಿ ಮಾಡಲಾಯಿತು. ಎಡಗೆಳಗಿನ ಸಂದನ್ನು ಅಂಗೈ ಮುಚ್ಚಿದಾಗ ಸಂಕೇತವು ಕುಗ್ಗುತ್ತದೆಂಬ ದೂರು ಎದ್ದಿತು. ಕಂಪನಿಯು ಗ್ರಾಹಕರಿಗೆ ಉಚಿತವಾಗಿ ಹೊದಿಕೆ ಕೊಡಬೇಕಾಯಿತು. 2014ರ ಐಫೋನ್ 6 ಪ್ಲಸ್ ಅಲ್ಯೂಮಿನಿಯಂ ಮೈಯದಾಗಿದ್ದರೂ ಜೇಬಿನಲ್ಲಿ ಬಾಗುತ್ತದೆಂಬ ದೂರಿಗೆ ಗುರಿಯಾಯಿತು; ಮರುವರ್ಷ ಇನ್ನೂ ಗಟ್ಟಿಯಾದ ಮಿಶ್ರಲೋಹವನ್ನು ಬಳಸಲಾಯಿತು. ಲೋಹದ ಫೋನುಗಳ ಬೆನ್ನಿನ ಮೇಲೆ ಆಗ ಕಾಣುತ್ತಿದ್ದ ಗೀಟುಗಳು ಅಲಂಕಾರವಲ್ಲ. ಅವು ಅಲೆಗಳಿಗೆಂದು ಬಿಟ್ಟ ಪ್ಲಾಸ್ಟಿಕ್ಕಿನ ಕಿಂಡಿಗಳು. ತಂತಿಯಿಲ್ಲದೆ ಚಾರ್ಜು ಮಾಡುವ ಕ್ರಮಕ್ಕೂ ಲೋಹದ ಬೆನ್ನು ಅಡ್ಡಿ. ಆದ್ದರಿಂದ 2017ರ ಐಫೋನ್ 8ರ ಬೆನ್ನು ಗಾಜಿನದಾಯಿತು, ಬಿದ್ದರೆ ಒಡೆಯುವ ಭಯವೂ ಜೊತೆಗೆ ಬಂದಿತು.

ಮತ್ತೊಂದು ಪಕ್ಷದ ಸಾಧನೆಯೂ ಕಡಿಮೆಯದಲ್ಲ. 2011ರ ನೋಕಿಯಾ ಎನ್9 ಫೋನಿನ ಪಾಲಿಕಾರ್ಬೊನೇಟ್ ಮೈಯಲ್ಲಿ ಬಣ್ಣವು ಒಳಗಿನವರೆಗೂ ಬೆರೆತಿದ್ದುದರಿಂದ ಗೀರು ಬಿದ್ದರೂ ಎದ್ದು ಕಾಣುತ್ತಿರಲಿಲ್ಲ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5 ಫೋನಿನ ಪ್ಲಾಸ್ಟಿಕ್ ಬೆನ್ನನ್ನು ಉಗುರಿನಿಂದ ತೆಗೆದು ಬ್ಯಾಟರಿಯನ್ನು ಬದಲಿಸಬಹುದಾಗಿತ್ತು; ಹಾಗಿದ್ದೂ ಅದು ನೀರನ್ನು ತಡೆಯುತ್ತಿತ್ತು. ಮರುವರ್ಷದ ಎಸ್6 ಲೋಹ ಮತ್ತು ಗಾಜುಗಳಿಂದ ಮೆರೆಯಿತು. ಆದರೆ ಬ್ಯಾಟರಿ ಬದಲಿಸುವ ಸೌಕರ್ಯವೂ ನೀರಿನ ತಡೆಯೂ ಅದಕ್ಕಿರಲಿಲ್ಲ. ಮೆರುಗು ಹೆಚ್ಚಿದರೂ ಉಪಯೋಗವು ತಗ್ಗಿತು.

ಔಚಿತ್ಯವೇ ಪ್ರಮಾಣ

ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ‘ಔಚಿತ್ಯವಿಚಾರಚರ್ಚಾ’ ಎಂಬ ಗ್ರಂಥವನ್ನು ರಚಿಸಿ, ಕಾವ್ಯದಲ್ಲಿ ಗುಣವಾಗಲಿ ಅಲಂಕಾರವಾಗಲಿ ತಕ್ಕ ಸ್ಥಾನದಲ್ಲಿದ್ದರೆ ಮಾತ್ರ ಶೋಭೆಯೆಂದು ಪ್ರತಿಪಾದಿಸಿದನು. ಕಾವ್ಯಕ್ಕೆ ಹೇಳಿದ ಈ ನ್ಯಾಯವು ವಸ್ತುಗಳಿಗೂ ಸಲ್ಲುತ್ತದೆ. ಅಡುಗೆಮನೆಯ ಕುಕ್ಕರನ್ನೇ ನೋಡಬಹುದು. ಅದರ ಮೈ ಅಲ್ಯೂಮಿನಿಯಂ, ಹಿಡಿ ಬೇಕಲೈಟ್ ಎಂಬ ಪ್ಲಾಸ್ಟಿಕ್ಕು. ಬಿಸಿ ಹರಿಯಬೇಕಾದ ಕಡೆ ಲೋಹ, ಹರಿಯಬಾರದ ಕಡೆ ಪ್ಲಾಸ್ಟಿಕ್ಕು. ಇವೆರಡರಲ್ಲಿ ಯಾವುದು ಕುಲೀನವೆಂದು ಯಾವ ಗೃಹಿಣಿಯೂ ಕೇಳಿದ್ದಿಲ್ಲ. ಫೋನಿನ ವಿಷಯದಲ್ಲಿ ಮಾತ್ರ ಆ ಪ್ರಶ್ನೆ ಏಳುವುದಕ್ಕೆ ಪ್ರತಿಷ್ಠೆಯ ಹೊರತು ಬೇರೆ ಕಾರಣವಿಲ್ಲ.

ತಯಾರಕರು ಕೂಡ ಈ ಪಾಠವನ್ನು ಮತ್ತೆಮತ್ತೆ ಕಲಿತಿದ್ದಾರೆ. 2023ರಲ್ಲಿ ಐಫೋನಿನ ಮೇಲ್ದರ್ಜೆಯ ಮಾದರಿಗೆ ಟೈಟಾನಿಯಂ ಚೌಕಟ್ಟು ಬಂದಿತು. 2025ರ ಐಫೋನ್ 17 ಪ್ರೊದಲ್ಲಿ ಅದನ್ನು ಬಿಟ್ಟು, ಶಾಖವನ್ನು ಚೆನ್ನಾಗಿ ಹರಡುವ ಅಲ್ಯೂಮಿನಿಯಮ್ಮಿಗೇ ಮರಳಲಾಯಿತು. ದುಬಾರಿಯಾದುದು ಹಿಂದೆ ಸರಿದು, ಕೆಲಸಕ್ಕೊದಗುವುದು ಮುಂದೆ ಬಂದಿತು.

ಕೊಳ್ಳುವವರು ಕೇಳಬೇಕಾದ ಪ್ರಶ್ನೆಗಳು ಬೇರೆಯೇ ಇವೆ. ಬ್ಯಾಟರಿ ಸೊರಗಿದರೆ ಬದಲಿಸಬಹುದೇ? ಬಿದ್ದರೆ ದುರಸ್ತಿ ಸಾಧ್ಯವೇ? ಎಷ್ಟು ವರ್ಷ ಬಾಳುತ್ತದೆ? ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ಬ್ಯಾಟರಿ ನಿಯಮವು, 2027ರ ಫೆಬ್ರವರಿಯಿಂದ ಇಂಥ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕೆಂದು ಸಾಮಾನ್ಯವಾಗಿ ವಿಧಿಸುತ್ತದೆ. ಹಳೆಯ ಅಲ್ಯೂಮಿನಿಯಮ್ಮನ್ನು ಕರಗಿಸಿ ಮತ್ತೆ ಬಳಸಲು ಹೊಸದಕ್ಕೆ ಬೇಕಾದ ಶಕ್ತಿಯ ಸುಮಾರು ಶೇಕಡಾ 5ರಷ್ಟು ಸಾಕೆಂಬುದು ಲೋಹದ ದೊಡ್ಡ ಗುಣ. ಆದರೆ ಕೆಟ್ಟ ಫೋನು ಮನೆಯ ಡಬ್ಬಿಯಲ್ಲಿಯೇ ಉಳಿದರೆ ಆ ಗುಣವೂ ವ್ಯರ್ಥ.

ಚಿನ್ನದ ಕತ್ತಿಯೆಂದು ಕತ್ತು ಕೊಯ್ದುಕೊಳ್ಳುವುದುಂಟೇ ಎಂದು ಹಿರಿಯರು ಕೇಳುತ್ತಾರೆ. ಸಾಲ ಮಾಡಿ ಲೋಹವನ್ನು ಕೊಂಡು ಅದನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚಿಡುವ ಮುನ್ನ ಈ ಮಾತನ್ನು ಒಮ್ಮೆ ನೆನೆಯುವುದು ಒಳಿತು. ಯಾವ ದ್ರವ್ಯವೂ ತನ್ನಷ್ಟಕ್ಕೆ ಮೇಲಲ್ಲ, ಕೀಳಲ್ಲ; ಹೊತ್ತ ಕೆಲಸಕ್ಕೆ ಒದಗಿದುದೇ ಶ್ರೇಷ್ಠ. ವಿದ್ಯಾರ್ಥಿಗಳಿಗೆ ಈ ವಿವೇಕವನ್ನು ಕಲಿಸಲು ಅವರ ಕೈಯಲ್ಲಿರುವ ಫೋನಿಗಿಂತ ಹತ್ತಿರದ ಪಠ್ಯ ಇನ್ನೊಂದಿಲ್ಲ.