ಇಂಗ್ಲಿಷ್ ದಾಟಿಯೇ ಜರ್ಮನ್ ಕಲಿಯಬೇಕೆ?

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ಮಂಡ್ಯದಲ್ಲಿ ಬಿ.ಎಸ್ಸಿ. ನರ್ಸಿಂಗ್ ಮಾಡುತ್ತಿದ್ದೇನೆ. ಜರ್ಮನಿಗೆ ಹೋಗುವ ಆಸೆ. ಕೊಂಡ ಪುಸ್ತಕದಲ್ಲಿ ಇಂಗ್ಲಿಷ್ ವಿವರಣೆಯೇ ಅರ್ಥವಾಗುತ್ತಿಲ್ಲ. ಪೂರ್ತಿ ಜರ್ಮನ್‌ನಲ್ಲೇ ಇರುವ ಪುಸ್ತಕ ನನ್ನಂಥವರಿಗೆ ಆಗುತ್ತದೆಯೇ? ತಮ್ಮನಿಗೆ ಫ್ರೆಂಚ್ ಕಲಿಯುವ ಹುಚ್ಚು. ಅವನಿಗೂ ಒಂದು ದಾರಿ ಹೇಳಿ.
— ವಿದ್ಯಾರ್ಥಿನಿ, ಕೊತ್ತತ್ತಿ

ಉತ್ತರ: ಖಂಡಿತ ಆಗುತ್ತದೆ. ಇಂಗ್ಲಿಷ್‌ನಲ್ಲಿ ತಡವರಿಸುವವರಿಗೆ ಅದೇ ಸರಿಯಾದ ಪುಸ್ತಕ. ಈಗ ನೀವು ಎರಡು ಭಾಷೆಗಳನ್ನು ಒಟ್ಟಿಗೆ ಹೊತ್ತು ಸುಸ್ತಾಗಿದ್ದೀರಿ. ನನಗೆ ಬುದ್ಧಿ ಸಾಲದು ಅಂದುಕೊಳ್ಳಬೇಡಿ.

‘ನೆಟ್ಸ್‌ವೆರ್ಕ್ ನೊಯ್’ ಅಥವಾ ‘ಮೆನ್ಶೆನ್’, ಎರಡರಲ್ಲಿ ಒಂದರ ಎ1 (ಮೊದಲ ಹಂತದ) ಭಾಗವನ್ನು ಅಭ್ಯಾಸ ಪುಸ್ತಕದ ಸಮೇತ ಕೊಳ್ಳಿ. ಪಾಠ, ಸೂಚನೆ ಎಲ್ಲವೂ ಜರ್ಮನ್‌ನಲ್ಲೇ ಇರುತ್ತದೆ. ಚಿತ್ರ ನೋಡಿ, ಧ್ವನಿಮುದ್ರಣ ಕೇಳಿ, ಅರ್ಥ ಊಹಿಸುತ್ತ ಹೋಗಬೇಕು. ‘ಕೇಳಿ’, ‘ಓದಿ’, ‘ಬರೆಯಿರಿ’ ಎಂಬ ಸೂಚನೆಗಳು ಮತ್ತೆ ಮತ್ತೆ ಬರುವುದರಿಂದ ಬೇಗ ನಾಟುತ್ತವೆ. ಧ್ವನಿಮುದ್ರಣ ಸಿಗದ ಜೆರಾಕ್ಸ್ ಪ್ರತಿ ಎಷ್ಟೇ ಅಗ್ಗವಾದರೂ ಬೇಡ. ಕಿವಿಗೆ ಬೀಳದ ಭಾಷೆ ನಾಲಿಗೆಗೆ ಬರುವುದಿಲ್ಲ.

ಒಂದು ಕಡೆ ಮಾತ್ರ ಬರೀ ಊಹೆ ಕೈಕೊಡುತ್ತದೆ: ವ್ಯಾಕರಣ. ಅಲ್ಲಿ ನಿಮ್ಮ ಹೈಸ್ಕೂಲಿನ ಕನ್ನಡ ವ್ಯಾಕರಣ ನೆನಪಿಸಿಕೊಳ್ಳಿ. ಗಂಡಸು, ಗಂಡಸನ್ನು, ಗಂಡಸಿಗೆ ಎಂದು ನಾವು ಪದದ ಕೊನೆಯಲ್ಲಿ ವಿಭಕ್ತಿ ಹಚ್ಚುತ್ತೇವೆ. ಜರ್ಮನ್ನರು ಡೇರ್ ಮಾನ್, ಡೇನ್ ಮಾನ್, ಡೇಮ್ ಮಾನ್ ಎಂದು ಪದಕ್ಕೂ ಮೊದಲು ಬರುವ ಚೂರನ್ನು ಬದಲಿಸುತ್ತಾರೆ. ಇಂಗ್ಲಿಷ್ ಮಾತ್ರ ಬಲ್ಲವರು ಇಲ್ಲಿ ತಿಣುಕುತ್ತಾರೆ, ನಿಮಗೆ ವಿಭಕ್ತಿ ಹೊಸದಲ್ಲ. ಕನ್ನಡದಲ್ಲೇ ಒಂದು ಕೋಷ್ಟಕ ಬರೆದಿಟ್ಟುಕೊಳ್ಳಿ. ಲಿಂಗಕ್ಕೆ ಮಾತ್ರ ಈ ಸುಖವಿಲ್ಲ: ಅಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗ! ಪ್ರತಿ ನಾಮಪದವನ್ನೂ ಡೇರ್, ಡೀ, ಡಾಸ್ ಸೇರಿಸಿಯೇ ಬಾಯಿಪಾಠ ಮಾಡಿ.

ಜೊತೆಗೆ ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ವಿಡಿಯೊ ಪಾಠಮಾಲೆ ‘ನಿಕೋಸ್ ವೇಗ್’ ನೋಡಿ. ಎ1ರಿಂದ ಬಿ1ರವರೆಗೆ ಪೂರ್ತಿ ಉಚಿತ. ಜರ್ಮನಿಗೆ ಬಂದಿಳಿದು ಬ್ಯಾಗ್ ಕಳೆದುಕೊಂಡ ಹುಡುಗನ ಕಥೆ. ಮುಂದೇನಾಯಿತು ಎಂಬ ಕುತೂಹಲವೇ ನೋಡಿಸಿಕೊಂಡು ಹೋಗುತ್ತದೆ.

ತಮ್ಮನಿಗೆ: ಆರ್ಥರ್ ಯೆನ್ಸನ್ 1950ರ ದಶಕದಲ್ಲಿ ರೂಪಿಸಿದ ‘ಲ ಫ್ರಾನ್ಸೆ ಪಾರ್ ಲಾ ಮೆತೋದ್ ನಾತ್ಯೂರ್’ ಪುಸ್ತಕ ಮೊದಲ ಸಾಲಿನಿಂದಲೇ ಫ್ರೆಂಚ್. ಹೊಸ ಪದದ ಅರ್ಥ ಪುಟದ ಅಂಚಿನ ಚಿತ್ರದಲ್ಲೋ, ಆಗಲೇ ಕಲಿತ ಪದಗಳಲ್ಲೋ ಸಿಗುತ್ತದೆ. ಓದಲು ಹಿತ, ಆದರೆ ಮಾತು ಹಳೆಯ ಕಾಲದ್ದು. ಇಂದಿನ ಮಾತಿಗೆ ಫ್ರೆಂಚ್ ವಾಹಿನಿ ಟಿವಿ5ಮೋಂದ್‌ನ ಉಚಿತ ಪಾಠಗಳಿವೆ. ನಿಮ್ಮ ಜಿಲ್ಲೆಯ ಪಾಂಡವಪುರವನ್ನು ಒಂದು ಕಾಲಕ್ಕೆ ಫ್ರೆಂಚ್ ರಾಕ್ಸ್ ಎನ್ನುತ್ತಿದ್ದರು. ಹೈದರ್, ಟಿಪ್ಪು ಸೈನ್ಯದ ಫ್ರೆಂಚರು ಅಲ್ಲಿ ಬೀಡುಬಿಟ್ಟಿದ್ದರು. ಅವನಿಗೆ ಇದನ್ನೂ ಹೇಳಿ, ಹುರುಪು ಬರುತ್ತದೆ.

ನಿಮ್ಮ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ ನರ್ಸ್ ಆಗಿ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟ ಬೇಕು. ಅಷ್ಟು ದೂರ ಪುಸ್ತಕವೊಂದೇ ಒಯ್ಯುವುದಿಲ್ಲ. ರೋಗಿಯ ನೋವು ಕೇಳಿ ತಕ್ಷಣ ಉತ್ತರಿಸುವ ಬಾಯಿ ಬೇಕು, ಅದನ್ನು ತಿದ್ದಲು ಗುರು ಬೇಕು. ಎ1 ಮನೆಯಲ್ಲೇ ಮುಗಿಸಿ, ಆಮೇಲೆ ಬೆಂಗಳೂರಿನ ಗ್ಯೋತೆ ಸಂಸ್ಥೆ, ಅಂದರೆ ಮ್ಯಾಕ್ಸ್ ಮುಲ್ಲರ್ ಭವನದ ತರಗತಿ ವಿಚಾರಿಸಿ; ಆನ್‌ಲೈನ್ ತರಗತಿಯೂ ಇದೆ, ಪರೀಕ್ಷೆಯನ್ನೂ ಅವರೇ ನಡೆಸುತ್ತಾರೆ. ಮೂರೇ ತಿಂಗಳಲ್ಲಿ ಬಿ2 ಮಾಡಿಸುತ್ತೇವೆ ಎನ್ನುವ ಯಾವ ಏಜೆಂಟರಿಗೂ ಮುಂಗಡ ಕೊಡಬೇಡಿ.