ಪರದೆ ನೋಡಿ ಟ್ಯಾಬ್ ಕೊಳ್ಳೋಣ

ಅವ್ವ ಮತ್ತು ಮಗಳು ಅಕ್ಕಲಕೋಟೆ ಪೇಟೆಗೆ ಬಂದರು. ಮಗಳ ಓದಿಗೆ ಒಂದು ಟ್ಯಾಬ್ ಬೇಕಿತ್ತು. ತೊಗರಿ ಮಾರಿದ ದುಡ್ಡು ಅವ್ವನ ಸೆರಗಿನಲ್ಲಿತ್ತು. ಅಂಗಡಿಯವನು ಎರಡು ಟ್ಯಾಬ್ ಮುಂದಿಟ್ಟನು.

“ಎರಡೂ 10 ಇಂಚು ಅಂತೀರಿ. ಮತ್ತ ಇದರ ಬೆಲೆ ಯಾಕ ಹೆಚ್ಚು?” ಅವ್ವ ಕೇಳಿದಳು.

ಮಗಳು ಹೇಳಿದಳು: “ಇಂಚು ಅಂದ್ರ ಪರದೆಯ ಮೂಲೆಯಿಂದ ಎದುರು ಮೂಲೆಗೆ ಇರೋ ಅಳತೆ. 10 ಇಂಚು ಅಂದ್ರ ಸುಮಾರು 25 ಸೆಂಟಿಮೀಟರ್. ಅಕ್ಷರ ಚಂದ ಕಾಣೋದು ಚುಕ್ಕಿಯಿಂದ, ಅವ್ವ.”

ಪರದೆಯ ಚಿತ್ರ ಸಣ್ಣ ಸಣ್ಣ ಚುಕ್ಕಿಗಳಿಂದ ಆಗುತ್ತದೆ. ಈ ಚುಕ್ಕಿಗೆ ಪಿಕ್ಸೆಲ್ ಎನ್ನುತ್ತಾರೆ. 1280 × 800 ಎಂದರೆ ಒಂದು ಸಾಲಿಗೆ 1280 ಚುಕ್ಕಿ, ಅಂಥ 800 ಸಾಲು. ಒಟ್ಟು 10 ಲಕ್ಷ 24 ಸಾವಿರ ಚುಕ್ಕಿ. 1920 × 1200 ಇದ್ದರೆ 23 ಲಕ್ಷ 4 ಸಾವಿರ. ಅಷ್ಟೇ ಜಾಗದಲ್ಲಿ ಚುಕ್ಕಿ ಹೆಚ್ಚಾದರೆ ಅಕ್ಷರ ಸ್ಪಷ್ಟ. ನಮ್ಮ ಕನ್ನಡದ ಒತ್ತಕ್ಷರ ಬಹಳ ಸಣ್ಣವು. ಚುಕ್ಕಿ ಕಡಿಮೆಯಾದರೆ ಅವು ಕಲಸಿಹೋಗುತ್ತವೆ.

ಪರದೆಯಲ್ಲಿ ಬಗೆಗಳಿವೆ.

ಎಲ್‌ಸಿಡಿ: ಪರದೆಯ ಹಿಂದೆ ದೀಪ ಇರುತ್ತದೆ. ಬೆಲೆ ಕಡಿಮೆ. ಇದರಲ್ಲಿ ಐಪಿಎಸ್ ಎಂಬ ಬಗೆ ಒಳ್ಳೆಯದು. ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ಇಬ್ಬರು ಕೂಡಿ ಓದಬಹುದು.

ಓಎಲ್‌ಇಡಿ: ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪು ಬೇಕಾದಲ್ಲಿ ಚುಕ್ಕಿ ಆರುತ್ತದೆ. ಹೀಗಾಗಿ ಕಪ್ಪು ಅಚ್ಚ ಕಪ್ಪು. ಬೆಲೆ ಹೆಚ್ಚು. ಒಂದೇ ಚಿತ್ರ ಬಹಳ ಕಾಲ ನಿಂತರೆ ಅದರ ಕಲೆ ಉಳಿಯಬಹುದು.

ಬೆಳಕಿನ ಅಳತೆಗೆ ನಿಟ್ ಎನ್ನುತ್ತಾರೆ. ನಿಟ್ ಹೆಚ್ಚಿದ್ದರೆ ಬಿಸಿಲಲ್ಲೂ ಓದಲು ಸುಲಭ.

ಅವ್ವ ಎರಡೂ ಟ್ಯಾಬ್ ಅಂಗಡಿಯ ಬಾಗಿಲಿಗೆ ತಂದಳು. ಬಿಸಿಲಿಗೆ ಹಿಡಿದಳು. ಒಂದು ಮಂಕಾಯಿತು. ಇನ್ನೊಂದರಲ್ಲಿ ‘ರಾಷ್ಟ್ರ’ ಎಂಬ ಪದ ಇತ್ತು. ಕೆಳಗಿನ ಎರಡು ಒತ್ತೂ ಬೇರೆ ಬೇರೆ ಕಂಡವು. ಅವ್ವ ಬೆರಳಿಟ್ಟು ಗಟ್ಟಿಯಾಗಿ ಓದಿದಳು. ಹೋದ ವರ್ಷ ಆಕೆಗೆ ಓದಲು ಬರುತ್ತಿರಲಿಲ್ಲ.

“ಇದನ್ನ ಕೊಡಪ್ಪಾ. ಮಗಳು ಶಾಲಿಗೆ ಹೋದಾಗ ನಾನೂ ಓದ್ತೀನಿ” ಅಂದಳು.

ನೀವೂ ಹೀಗೆ ಮಾಡ್ರಿ. ಕನ್ನಡ ಪುಟ ತೆರೆಸಿ ನೋಡ್ರಿ. ಬಿಸಿಲಿಗೆ ಹಿಡೀರಿ. ಪಕ್ಕದಿಂದ ನೋಡ್ರಿ. ಆಮೇಲೆ ದುಡ್ಡು ಕೊಡ್ರಿ. ಬಿಲ್ ಮರೀಬ್ಯಾಡ್ರಿ.

ಹೊಸ ಪದಗಳು: ಪರದೆ, ಚುಕ್ಕಿ, ಪಿಕ್ಸೆಲ್, ನಿಟ್

ಉತ್ತರ ಬರೆಯಿರಿ:
1. ಪರದೆಯನ್ನು ಎಲ್ಲಿಂದ ಎಲ್ಲಿಗೆ ಅಳೆಯುತ್ತಾರೆ?
2. ಕನ್ನಡ ಓದಲು ಚುಕ್ಕಿ ಹೆಚ್ಚು ಯಾಕೆ ಬೇಕು?
3. ಅವ್ವ ಬಿಸಿಲಿಗೆ ಯಾಕೆ ಬಂದಳು?