ನಿಮ್ಮ ಮೇವಿನ ಹೊಲ ಯಾವ ವಲಯದಲ್ಲಿದೆ?



ಕೆಚ್ಚಲು ಬಾವು, ಕಾಲುಬಾಯಿ ಜ್ವರದ ಬಗ್ಗೆ ಬರೆಯಬೇಕಾದ ಡಾಕ್ಟರು ಈ ಸಲ ಜಮೀನಿನ ಕಾನೂನು ಹಿಡಿದು ಕೂತಿದ್ದಾರಲ್ಲ ಎಂದು ನಿಮಗೆ ಅನ್ನಿಸಬಹುದು. ಕಾರಣ ಮೇವು. ಪಟ್ಟಣದ ಅಂಚಿನ ಊರುಗಳಿಂದ ಹಾಲು ಕಡಿಮೆಯಾಗಿದೆ ಎಂದು ಕರೆ ಬಂದಾಗ, ಎಷ್ಟೋ ಸಲ ಹಸುವಿಗೆ ರೋಗ ಇರುವುದಿಲ್ಲ. ಕೊಟ್ಟಿಗೆಯಲ್ಲಿ ಹಸಿ ಹುಲ್ಲು ಇರುವುದಿಲ್ಲ. ಹುಲ್ಲು ಕೊಯ್ಯುತ್ತಿದ್ದ ಜಾಗದಲ್ಲಿ ಸೈಟಿನ ಕಲ್ಲು ನೆಟ್ಟಿರುತ್ತಾರೆ. ಅದಕ್ಕೆ ನನ್ನ ಬಳಿ ಇಂಜೆಕ್ಷನ್ ಇಲ್ಲ.

ಒಂದು ಲೆಕ್ಕ ಹಾಕೋಣ. ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 30 ಕೆ.ಜಿ. ಹಸಿ ಮೇವು ಎಂದರೆ ವರ್ಷಕ್ಕೆ ಸುಮಾರು 11 ಟನ್. ನೀರು, ಗೊಬ್ಬರ ಸರಿಯಾಗಿದ್ದು ನೇಪಿಯರ್ ಹುಲ್ಲು ಎಕರೆಗೆ ವರ್ಷಕ್ಕೆ 100 ಟನ್ ಬಂತು ಎಂದಿಟ್ಟುಕೊಳ್ಳಿ. ಗುಂಟೆಗೆ ಎರಡೂವರೆ ಟನ್ ಆಯಿತು. 30-40ರ ಸೈಟು ಒಂದು ಗುಂಟೆಗಿಂತ ಸ್ವಲ್ಪ ದೊಡ್ಡದು. ಅಲ್ಲಿಗೆ ನಾಲ್ಕು ಸೈಟು ಎಂದರೆ ಒಂದು ಹಸುವಿನ ವರ್ಷದ ಹಸಿ ಮೇವು.

ಜಮೀನಿನ ಮಾಲೀಕರು ಮಾರಿಕೊಂಡರೆ ನಾವೇನು ಮಾಡಲಾಗುತ್ತದೆ ಎಂದು ನೀವು ಕೇಳುತ್ತೀರಿ. ಮಾರಾಟ ತಡೆಯಲು ನಮಗೆ ಹಕ್ಕಿಲ್ಲ, ನಿಜ. ಆದರೆ ಮಾರಾಟ ಬೇರೆ, ಉಪಯೋಗ ಬೇರೆ. 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಕೊಂಡ ಮಾತ್ರಕ್ಕೆ ಅಲ್ಲಿ ಮನೆ ಕಟ್ಟುವ ಹಾಗಿಲ್ಲ. ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಭೂ ಪರಿವರ್ತನೆ ಆಗಬೇಕು. ನಾವೆಲ್ಲ ಡಿ.ಸಿ. ಕನ್ವರ್ಷನ್ ಎನ್ನುವುದು ಇದನ್ನೇ.

ಕನ್ವರ್ಷನ್‌ಗೂ ಹಿಂದಿನ ಮೆಟ್ಟಿಲು ಒಂದಿದೆ. ಅದೇ ಮಾಸ್ಟರ್ ಪ್ಲಾನ್. ಪಟ್ಟಣದ ಸುತ್ತಲಿನ ಹಳ್ಳಿಗಳನ್ನು ಸೇರಿಸಿ ಸರ್ಕಾರ ‘ಸ್ಥಳೀಯ ಯೋಜನಾ ಪ್ರದೇಶ’ ಎಂದು ಘೋಷಿಸುತ್ತದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಅಲ್ಲಿನ ಯೋಜನಾ ಪ್ರಾಧಿಕಾರ ನಕ್ಷೆ ತಯಾರಿಸಿ, ಯಾವ ಸರ್ವೆ ನಂಬರ್ ವಸತಿಗೆ, ಯಾವುದು ಕೈಗಾರಿಕೆಗೆ, ಯಾವುದು ಕೃಷಿಗೆ ಎಂದು ಬಣ್ಣ ಹಚ್ಚುತ್ತದೆ. ವಸತಿಗೆ ಸಾಮಾನ್ಯವಾಗಿ ಹಳದಿ, ಕೃಷಿಗೆ ಹಸಿರು. ಹಳದಿಗೆ ಬಿದ್ದ ಜಮೀನಿಗೆ ಕನ್ವರ್ಷನ್ ಸುಲಭ. ಹಸಿರಿನಲ್ಲಿರುವ ಜಮೀನಿನಲ್ಲಿ ಲೇಔಟ್ ಮಾಡಬೇಕಾದರೆ ಮೊದಲು ವಲಯವನ್ನೇ ಬದಲಾಯಿಸಿಕೊಳ್ಳಬೇಕು. ಹಳದಿ ಬಿತ್ತು ಎಂದು ನಾಳೆಯೇ ಯಾರೂ ಬೇಸಾಯ ನಿಲ್ಲಿಸಬೇಕಿಲ್ಲ, ಆ ಹೆದರಿಕೆ ಬೇಡ. ಯೋಜನಾ ಪ್ರದೇಶದ ಹೊರಗಿನ ಹಳ್ಳಿಗಳಿಗೆ ಈ ಬಣ್ಣದ ನಕ್ಷೆ ಇರುವುದಿಲ್ಲ, ಕನ್ವರ್ಷನ್ ಒಂದೇ ತಡೆ.

ನಿಮಗೆ ಮುಖ್ಯವಾದದ್ದು ಇದು. ಮಾಸ್ಟರ್ ಪ್ಲಾನ್ ಕರಡು ಪ್ರಕಟವಾದಾಗ ಆಕ್ಷೇಪಣೆ, ಸಲಹೆ ಕೊಡಲು ಸಾರ್ವಜನಿಕರಿಗೆ 60 ದಿನ ಇರುತ್ತದೆ. ಬೆಂಗಳೂರಿನ 2031ರ ಕರಡಿಗೆ 2017ರ ನವೆಂಬರ್‌ನಲ್ಲಿ ಹೀಗೇ ಆಕ್ಷೇಪಣೆ ಕರೆದಿದ್ದರು. ಪ್ಲಾನ್ ಜಾರಿಯಾದ ಮೇಲೆ ಯಾರಾದರೂ ಕೃಷಿ ವಲಯದ ಜಮೀನನ್ನು ವಸತಿಗೆ ಬದಲಾಯಿಸಲು ಅರ್ಜಿ ಹಾಕಿದರೆ, 14-ಎ ಕಲಮಿನಂತೆ ದಿನಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ 15 ದಿನ ಕಾಯಬೇಕು. ‘ಸಾರ್ವಜನಿಕರು’ ಎಂದರೆ ಪಹಣಿಯಲ್ಲಿ ಹೆಸರಿರುವವರು ಮಾತ್ರ ಅಲ್ಲ. ನಮ್ಮ ಸಂಘಗಳಲ್ಲಿ ಹಾಲು ಹಾಕುವ ಎಷ್ಟೋ ಅಕ್ಕಂದಿರ ಹೆಸರಿನಲ್ಲಿ ಒಂದು ಗುಂಟೆಯೂ ಇಲ್ಲ. ಪಕ್ಕದವರ ಬದುವಿನಲ್ಲಿ ಕೊಯ್ದು ತಂದ ಹುಲ್ಲಿನಲ್ಲೇ ಎರಡು ಹಸು ಸಾಕುತ್ತಾರೆ. ಜಮೀನು ಮಾರುವಾಗ ಅವರನ್ನು ಯಾರೂ ಕೇಳುವುದಿಲ್ಲ. ವಲಯ ಬದಲಾಯಿಸುವಾಗ ಕೇಳಲೇಬೇಕು. ಆ 15 ದಿನ ಪತ್ರಿಕೆಯ ಒಳಪುಟದ ಸಣ್ಣ ಅಕ್ಷರದಲ್ಲಿ ಕಳೆದುಹೋಗುತ್ತದೆ, ಅದೇ ತೊಂದರೆ. ಡೇರಿಗೆ ಪತ್ರಿಕೆ ತರಿಸಿ, ಓದು ಬಲ್ಲ ಒಬ್ಬ ಹುಡುಗಿಗೆ ಈ ಪ್ರಕಟಣೆ ನೋಡುವ ಕೆಲಸ ಒಪ್ಪಿಸಿ.

ಆಕ್ಷೇಪಣೆಗೆ ವಕೀಲರೇ ಬೇಕೆಂದಿಲ್ಲ. ಬಿಳಿ ಹಾಳೆಯಲ್ಲಿ ಕನ್ನಡದಲ್ಲಿ ಬರೆಯಿರಿ. ಊರು, ಸರ್ವೆ ನಂಬರ್, ಆ ಜಮೀನಿನ ಮೇವನ್ನು ನಂಬಿರುವ ಮನೆಗಳೆಷ್ಟು, ಹಸು ಎಮ್ಮೆಗಳೆಷ್ಟು, ಡೇರಿಗೆ ದಿನಕ್ಕೆ ಎಷ್ಟು ಲೀಟರ್ ಹೋಗುತ್ತದೆ, ಇಷ್ಟು ಇರಲಿ. ‘ನಮಗೆ ಅನ್ಯಾಯವಾಗುತ್ತದೆ’ ಎಂದು ಒಂದು ಪುಟ ಬರೆಯುವುದಕ್ಕಿಂತ ಸಂಘದ ರಿಜಿಸ್ಟರಿನ ಲೀಟರ್ ಲೆಕ್ಕಕ್ಕೆ ತೂಕ ಹೆಚ್ಚು. ಸಂಘದ ಸಭೆಯಲ್ಲಿ ನಿರ್ಣಯ ಮಾಡಿ, ಸೀಲು ಹಾಕಿ ಲಗತ್ತಿಸಿ. ಕೊಟ್ಟ ಪ್ರತಿಗೆ ಸ್ವೀಕೃತಿ ಮುದ್ರೆ ಪಡೆಯದೆ ಕಚೇರಿಯಿಂದ ಹೊರಡಬೇಡಿ.

ವಲಯ ನಿಯಮ ಎಲ್ಲವನ್ನೂ ತಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಸರ್ಕಾರವೇ ಭೂಸ್ವಾಧೀನ ಮಾಡುವುದಾದರೆ ಅದರ ದಾರಿ ಬೇರೆ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನ ಕೈಬಿಡುವುದಾಗಿ ಸರ್ಕಾರ 2025ರ ಜುಲೈನಲ್ಲಿ ಹೇಳಿತಲ್ಲ, ಅದು ರೈತರ ದೀರ್ಘ ಹೋರಾಟದಿಂದ ಬಂದದ್ದು. ಇನ್ನು ಕನ್ವರ್ಷನ್ ಇಲ್ಲದೆ ಮಾರುವ ರೆವಿನ್ಯೂ ಸೈಟುಗಳಂತೂ ಯಾವ ಬಣ್ಣವನ್ನೂ ಕೇಳುವುದಿಲ್ಲ. ಅಂಥ ಕಡೆ ಚರಂಡಿ ಇರುವುದಿಲ್ಲ, ಕೊಳಚೆ ನೀರು ಪಕ್ಕದ ಹುಲ್ಲಿಗೆ ನುಗ್ಗುತ್ತದೆ, ಪ್ಲಾಸ್ಟಿಕ್ ಹಸುವಿನ ಹೊಟ್ಟೆ ಸೇರುತ್ತದೆ. ಕೊನೆಗೆ ಸಗಣಿ ವಾಸನೆ ಎಂದು ದೂರು ಬರುವುದು ನಿಮ್ಮ ಮೇಲೆಯೇ. ಅನುಮತಿ ಇಲ್ಲದೆ ಉಪಯೋಗ ಬದಲಾಯಿಸಿದರೆ 96ನೇ ಕಲಮಿನಲ್ಲಿ ದಂಡವಿದೆ. ರಸ್ತೆ ಕೊರೆಯುವಾಗಲೇ ತಹಶೀಲ್ದಾರರಿಗೆ ಬರೆದುಕೊಡಿ; ಮನೆ ಎದ್ದ ಮೇಲೆ ಕಷ್ಟ.

ಇನ್ನು ಗೋಮಾಳ. 1966ರ ಭೂ ಕಂದಾಯ ನಿಯಮಗಳ 97ನೇ ನಿಯಮದಂತೆ ಊರಿನ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 30 ಎಕರೆ ಸರ್ಕಾರಿ ಜಮೀನು ಉಚಿತ ಮೇವಿಗೆ ಮೀಸಲಿಡಬೇಕು. 300 ಜಾನುವಾರು ಇರುವ ಊರಿಗೆ ಸುಮಾರು 90 ಎಕರೆ. ಜಿಲ್ಲಾಧಿಕಾರಿಗೆ ಇದನ್ನು ಕಡಿಮೆ ಮಾಡುವ ಅಧಿಕಾರವೂ ಇದೆ. ಬೇರೆ ಕೆಲಸಕ್ಕೆ ಗೋಮಾಳ ಕೇಳಿದಾಗ ‘ಈ ಊರಿನಲ್ಲಿ ಅಷ್ಟು ಜಾನುವಾರು ಇಲ್ಲ, ಗೋಮಾಳ ಹೆಚ್ಚಿದೆ’ ಎನ್ನುವುದು ಸುಲಭದ ಮಾತು. ಆದ್ದರಿಂದ ಜಾನುವಾರು ಗಣತಿಗೆ ಬಂದವರಿಗೆ ಕರು, ಕಡಸು, ಗೊಡ್ಡು ಸೇರಿಸಿ ಎಲ್ಲವನ್ನೂ ಬರೆಸಿ. ಸಾಲ ಕೊಡುವುದಿಲ್ಲ, ತೆರಿಗೆ ಹಾಕುತ್ತಾರೆ ಎಂದು ಸಂಖ್ಯೆ ಕಡಿಮೆ ಹೇಳುವವರಿದ್ದಾರೆ. ಆ ಗಣತಿಗೂ ತೆರಿಗೆಗೂ ಸಂಬಂಧವಿಲ್ಲ. ಕಿವಿಯೋಲೆ ಹಾಕಿಸದ ರಾಸುಗಳಿದ್ದರೆ ಲಸಿಕೆಗೆ ಬರುವ ದಿನವೇ 12 ಅಂಕಿಯ ಓಲೆ ಹಾಕಿಸಿಕೊಳ್ಳಿ. ನಿಮ್ಮ ಊರಿನ ಗೋಮಾಳದ ಸರ್ವೆ ನಂಬರ್‌ಗಳನ್ನು ಗ್ರಾಮ ಆಡಳಿತ ಅಧಿಕಾರಿಯಿಂದ ಬರೆಸಿಕೊಂಡು, ಹಾಲಿನ ದರದ ಪಟ್ಟಿಯ ಪಕ್ಕದಲ್ಲೇ ಡೇರಿಯ ಗೋಡೆಗೆ ಅಂಟಿಸಿ.